ಮಣಿಗಳ ತಪ್ಪಲ್ಲ

ಮೂರು ತಿಂಗಳು ನಾನು ಪಾಲಿಮರ್ ಮಣಿಗಳ ಮೇಲೆ ತಪ್ಪು ಹೊರಿಸಿದೆ. ತಪ್ಪು ಮಾಡಿದವನು ನಾನೇ.

ಆಗ ಭದ್ರಾವತಿ ಹತ್ತಿರದ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಮನೆ ಶಿವಮೊಗ್ಗದಲ್ಲಿ, ದಿನಾ ಬಸ್ಸಿನ ಓಡಾಟ. ಗ್ಯಾಸ್ ಕ್ರೊಮಟಾಗ್ರಫಿಯಲ್ಲಿ, ಅಂದರೆ ಅನಿಲ ಹರಿಸಿ ಮಿಶ್ರಣವನ್ನು ಬಿಡಿಬಿಡಿಯಾಗಿಸುವ ವಿಧಾನದಲ್ಲಿ, ಕಾಲಂ ಎಂಬ ಕೊಳವೆಗೆ ತುಂಬುವ ಮಣಿಗಳನ್ನು ಉತ್ತಮಪಡಿಸುವುದು ನಮ್ಮ ಕೆಲಸ. ಮಣಿ ಮಾಡುತ್ತಿದ್ದವನು ನನ್ನ ಗೆಳೆಯ. ಸ್ಟೈರೀನ್, ಡೈವಿನೈಲ್ ಬೆಂಜೀನ್ ಎರಡನ್ನೂ ಟೊಲುಯಿನ್ ಜೊತೆ ಬೆರೆಸಿ, ನೀರಿನಲ್ಲಿ ಕದಡುತ್ತಾ ಕಾಯಿಸಿದರೆ ಹನಿಗಳು ಗಟ್ಟಿಯಾಗಿ ಬಿಳಿ ಮಣಿಗಳಾಗುತ್ತವೆ. ಟೊಲುಯಿನ್ ಹೊರಹೋದ ಜಾಗವೇ ರಂಧ್ರ. ಸಾಸಿವೆಗಿಂತ ಎಷ್ಟೋ ಸಣ್ಣ ಮಣಿಗಳು. ಆದರೆ ಒಂದು ಗ್ರಾಂನೊಳಗಿನ ಮೇಲ್ಮೈಯನ್ನು ಬಿಡಿಸಿ ಹಾಸಿದರೆ ನೂರಾರು ಚದರ ಮೀಟರ್!

1966ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಹಾಲಿಸ್ ಇಂಥ ಮಣಿಗಳ ಬಳಕೆಯನ್ನು ತೋರಿಸಿಕೊಟ್ಟರು. ಕಾಲಂಗೆ ತುಂಬುವ ಹಳೆಯ ಡಯಾಟಮೈಟ್ ಪುಡಿಗೆ ನೀರು ಅಂಟಿಕೊಂಡು, ರೆಕಾರ್ಡರಿನ ಕಾಗದದ ಮೇಲೆ ಅದರ ಶಿಖರ ಬಾಲ ಎಳೆಯುತ್ತದೆ. ಈ ಮಣಿಗಳಲ್ಲಿ ಮೊದಲು ನೀರು, ಆಮೇಲೆ ಮೆಥನಾಲ್, ಅದರ ಹಿಂದೆ ಎಥನಾಲ್, ಮೂರೂ ಚೊಕ್ಕವಾಗಿ ಬರುತ್ತವೆ. ನಾವು ಪರೀಕ್ಷೆಗೆ ಆರಿಸಿಕೊಂಡದ್ದೂ ಈ ಮೂರರ ಮಿಶ್ರಣವನ್ನೇ. ಭದ್ರಾವತಿಗೆ ಮೆಥನಾಲ್ ಹಳೆಯ ಪರಿಚಯ. ಇಲ್ಲಿನ ಕಬ್ಬಿಣದ ಕಾರ್ಖಾನೆ ಶುರುವಾದದ್ದೇ ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್ ಎಂಬ ಹೆಸರಲ್ಲಿ. ಕಟ್ಟಿಗೆಯಿಂದ ಇದ್ದಿಲು ಮಾಡುವಾಗ ಮೆಥನಾಲ್ ಕೂಡ ಸಿಗುತ್ತಿತ್ತು.

ಎರಡು ಮೀಟರ್ ಸ್ಟೀಲ್ ಕೊಳವೆಯ ತುದಿಗೆ ಗಾಜಿನ ಹತ್ತಿ ಇಟ್ಟು, ಪೆನ್ಸಿಲಿನಿಂದ ತಟ್ಟುತ್ತಾ ಮಣಿ ತುಂಬುತ್ತಿದ್ದೆ. ಯಂತ್ರಕ್ಕೆ ಹಾಕಿದರೆ ರೆಕಾರ್ಡರಿನ ಪೆನ್ನು ಒಂದು ಕಡೆ ನಿಲ್ಲುತ್ತಿರಲಿಲ್ಲ. ಮಾದರಿ ಏನೂ ಚುಚ್ಚದಿದ್ದರೂ ಗೆರೆ ಕಾಗದದ ಅಂಚಿನತ್ತ ಜಾರುತ್ತಿತ್ತು. ‘ಮಣಿ ಬಿಸಿ ತಡೆಯುತ್ತಿಲ್ಲ’ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಗೆಳೆಯ ನನ್ನ ಮಾತು ನಂಬಿ, ಮಣಿ ಇನ್ನಷ್ಟು ಗಟ್ಟಿಯಾಗಲೆಂದು ಡೈವಿನೈಲ್ ಬೆಂಜೀನ್ ಹೆಚ್ಚಿಸಿ ಮತ್ತೆ ಮಾಡಿದ. ಮತ್ತೆ ಅದೇ ಗೆರೆ. ಹೀಗೆ ನಾಲ್ಕು ಬ್ಯಾಚ್. ಒಂದೊಂದಕ್ಕೂ ಅವನ ಒಂದು ವಾರ ಹೋಗುತ್ತಿತ್ತು.

ಕೊನೆಗೆ ಹಿರಿಯ ಲ್ಯಾಬ್ ಸಹಾಯಕರೊಬ್ಬರು ಕೇಳಿದರು: “ಕಾಲಂನ ಎಷ್ಟು ಹೊತ್ತು ಕಾಯಿಸ್ತೀಯಪ್ಪಾ?”

“ಎರಡು ಗಂಟೆ ಸಾರ್.”

ಅವರು ಕಾಲಂನ ತುದಿ ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದರು. ಟೊಲುಯಿನ್ ವಾಸನೆ.

ಹೊಸ ಕಾಲಂ ಅನ್ನು ಡಿಟೆಕ್ಟರಿಗೆ ಸೇರಿಸದೆ, ಅನಿಲ ಹರಿಸುತ್ತಾ ರಾತ್ರಿಯಿಡೀ ಕಾಯಿಸಬೇಕು. ಅದು ನನಗೆ ಗೊತ್ತಿತ್ತು. ಸಂಜೆಯ ಬಸ್ಸು ತಪ್ಪಬಾರದೆಂದು ಎರಡೇ ಗಂಟೆಗೆ ಮುಗಿಸುತ್ತಿದ್ದೆ. ಅಷ್ಟು ರಂಧ್ರಗಳೊಳಗೆ ಕೂತ ಟೊಲುಯಿನ್ ಅಷ್ಟರಲ್ಲಿ ಹೊರಬರುವುದು ಹೇಗೆ?

ಆ ರಾತ್ರಿ ಲ್ಯಾಬಿನಲ್ಲೇ ಉಳಿದೆ. ನಾನು ಕೆಟ್ಟದ್ದೆಂದು ಬದಿಗಿಟ್ಟಿದ್ದ ಮೊದಲ ಬ್ಯಾಚಿನ ಮಣಿಗಳನ್ನೇ ತುಂಬಿ, 200 ಡಿಗ್ರಿಯಲ್ಲಿ ಬೆಳಗಿನವರೆಗೆ ಕಾಯಿಸಿದೆ. ಬೆಳಿಗ್ಗೆ ಗೆರೆ ನೆಟ್ಟಗಿತ್ತು. ಮೂರು ಶಿಖರಗಳೂ ಬಂದವು. ಗೆಳೆಯ ಬಂದಾಗ ಕಾಗದವನ್ನು ಅವನ ಕೈಗಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಆಮೇಲೆ ನೋಟ್‌ಬುಕ್ಕಿನ ಆ ಸಾಲಿಗೆ ಗೀಟು ಹಾಕಿ, ಪಕ್ಕದಲ್ಲಿ ‘ಮಣಿ ಸರಿಯಾಗಿದೆ, ಕಾಯಿಸಿದ್ದು ಸಾಲದು’ ಎಂದು ಬರೆದು ಸಹಿ ಮಾಡಿದೆ.