ದೊರಸಾನಿಯ ಮುತ್ತುಗಳು

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಏನನ್ನಾದರೂ ಬರೆಯಲೇಬೇಕೆಂಬುದು ನಮ್ಮ ಶಾಲೆಯ ವಾಡಿಕೆ. ಶಿಸ್ತು, ಪರಿಶ್ರಮ ಮುಂತಾದ ವಿಷಯಗಳ ಮೇಲೆ ನಾವು ಹಿಂದಿನ ಸಂಚಿಕೆಗಳಲ್ಲಿ ಸಾಕಷ್ಟು ಬರೆದು ಪೂರ್ವವಿದ್ಯಾರ್ಥಿನಿಯರ ತಾಳ್ಮೆಯನ್ನು ಪರೀಕ್ಷಿಸಿದ್ದಾಗಿದೆ. ಆದುದರಿಂದ ಈ ಸಾರಿ ಬಿಸ್ಕತ್ತಿನ ವಿಷಯವನ್ನು ಬರೆಯುವೆವು.

ಕಳೆದ ಬೇಸಿಗೆಯ ರಜೆಯಲ್ಲಿ ಇಟಲಿ ದೇಶದಿಂದ ನಮಗೊಂದು ಕಟ್ಟು ಬಂದಿತು. ಕಳುಹಿಸಿದವಳು ನಮ್ಮಲ್ಲಿಯೇ ಓದಿ, ದಾದಿಯ ವಿದ್ಯೆಯನ್ನು ಕಲಿತು, ಆರು ವರ್ಷಗಳ ಕೆಳಗೆ ಆ ದೇಶದ ವಾಯವ್ಯದಲ್ಲಿರುವ ಪಿಯೆಮೊಂತೆ ಸೀಮೆಗೆ ಹೋದ ಹುಡುಗಿ. ಅಲ್ಲಿ ವೃದ್ಧರ ಶುಶ್ರೂಷೆ ಅವಳ ಉದ್ಯೋಗ. ಕಟ್ಟಿನಲ್ಲಿ ಒಂದು ಡಬ್ಬಿ ಹೇಜಲ್ ಬೀಜವೂ, ಒಂದಿಷ್ಟು ಕಪ್ಪು ಚಾಕಲೇಟೂ, ತಾನು ಆರೈಕೆ ಮಾಡುವ ಒಬ್ಬ ಅಜ್ಜಿಯಿಂದ ಕೇಳಿ ಬರೆದುಕೊಂಡ ಬಿಸ್ಕತ್ತಿನ ವಿಧಾನವೂ ಇದ್ದವು. "ಅಮ್ಮನಿಗೆ ಮಾಡಿಕೊಡಿರಿ" ಎಂದು ಕೊನೆಯಲ್ಲಿ ಬರೆದಿದ್ದಳು.

ಅವಳ ತಾಯಿ ನಮ್ಮ ವಸತಿಗೃಹದ ಅಡುಗೆಯಕ್ಕ. ಒಬ್ಬಳೇ ಮಗಳನ್ನು ಸಮುದ್ರದಾಚೆಗೆ ಕಳುಹಿಸಲು ಆಕೆಗೆ ಮನಸ್ಸಿರಲಿಲ್ಲ. ಮೂರು ಸಂಜೆ ಆಕೆಯ ಮನೆಯ ಜಗಲಿಯಲ್ಲಿ ಕುಳಿತು ಒಪ್ಪಿಸಿದವರು ನಾವು. ಅಂದಿನಿಂದ ಹುಡುಗಿ ಒಂದೇ ಸಲ ಊರಿಗೆ ಬಂದಿದ್ದಾಳೆ. ಅಕ್ಕ ನಮ್ಮನ್ನು ಎಂದೂ ದೂರಿದವಳಲ್ಲ. ಆದರೆ ಮಗಳ ಮಾತನ್ನು ನಮ್ಮೆದುರಿಗೆ ಎತ್ತುವುದನ್ನೇ ಬಿಟ್ಟುಬಿಟ್ಟಿದ್ದಳು.

ಈ ಬಿಸ್ಕತ್ತಿಗೆ ಇಟಲಿಯವರ ಭಾಷೆಯಲ್ಲಿ 'ಬಾಚಿ ದಿ ದಾಮ', ಎಂದರೆ 'ದೊರಸಾನಿಯ ಮುತ್ತುಗಳು' ಎಂದು ಹೆಸರು. ಪಿಯೆಮೊಂತೆಯ ತೊರ್ತೋನ ಎಂಬ ಪಟ್ಟಣ ಇದರ ತವರು. ಹತ್ತೊಂಬತ್ತನೆಯ ಶತಮಾನದಿಂದ ಅಲ್ಲಿ ಮಾಡುತ್ತ ಬಂದಿದ್ದಾರೆ. ಎರಡು ಪುಟ್ಟ ಅರೆಗೋಳಗಳ ಚಪ್ಪಟೆ ಮುಖಗಳನ್ನು ಚಾಕಲೇಟಿನಿಂದ ಕೂಡಿಸಿದಾಗ ಎರಡು ತುಟಿಗಳು ಸೇರಿದಂತೆ ಕಾಣುವುದರಿಂದ ಈ ಹೆಸರಂತೆ. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಇದನ್ನು ಬರೆಯುವುದು ಹೇಗೆಂದು ತುಸು ಅಳುಕಿದೆವು. ಕನ್ನಡವೇ ನಮ್ಮನ್ನು ಕಾಪಾಡಿತು. ಅಕ್ಕನಂತೂ ಕೊರಳಿಗೆ ಹಾಕುವ ಮುತ್ತೆಂದೇ ತಿಳಿದಳು, ನಾವು ತಿದ್ದಲಿಲ್ಲ.

ಆ ಸೀಮೆಯ ಲಾಂಗೆ ಎಂಬ ಗುಡ್ಡಗಳಲ್ಲಿ ಹೇಜಲ್ ತೋಟಗಳು ಬಹಳ. ೧೮೦೬ರಲ್ಲಿ ನೆಪೋಲಿಯನ್ ಇಂಗ್ಲೆಂಡಿನ ವ್ಯಾಪಾರಕ್ಕೆ ತಡೆಯೊಡ್ಡಿದ ಮೇಲೆ ಕೋಕೋ ತುಟ್ಟಿಯಾಯಿತೆಂದೂ, ಟುರಿನ್ ನಗರದ ಮಿಠಾಯಿಗಾರರು ಈ ಬೀಜವನ್ನು ಅರೆದು ಚಾಕಲೇಟಿಗೆ ಬೆರೆಸಿ ಸರಿದೂಗಿಸಿದರೆಂದೂ ಅಲ್ಲಿ ಹೇಳುವುದುಂಟು. ಅಂತೂ ಬೀಜಕ್ಕೂ ಚಾಕಲೇಟಿಗೂ ಅಲ್ಲಿ ಹಳೆಯ ನಂಟು.

ಹೇಜಲ್ ಬೀಜ, ಮೈದಾ, ಬೆಣ್ಣೆ, ಸಕ್ಕರೆ ನಾಲ್ಕೂ ಸಮತೂಕ. ನಾವು ತಲಾ ೧೦೦ ಗ್ರಾಂ ತೆಗೆದುಕೊಂಡೆವು. ಮೊಟ್ಟೆಯಿಲ್ಲ, ನೀರಿಲ್ಲ. ಇಷ್ಟು ಸುಲಭವೆಂದು ತೋರಿದುದೇ ನಮಗೆ ಮೋಸವಾಯಿತು. ಅಕ್ಕನಿಗೆ ತಿಳಿಸದೆ ಮಾಡಿ ಮುಂದಿಡಬೇಕೆಂದು, ಒಂದು ರಾತ್ರಿ ಹುರಿದ ಬೀಜವನ್ನು ಬಿಸಿಬಿಸಿಯಾಗಿಯೇ ಮಿಕ್ಸಿಗೆ ಹಾಕಿದೆವು. ಎಣ್ಣೆ ಬಿಟ್ಟು ಅಂಟಾಯಿತು. ಮೇ ತಿಂಗಳ ಸೆಕೆಗೆ ಬೆಣ್ಣೆ ಆಗಲೇ ಮೆತ್ತಗಾಗಿತ್ತು. ಉಂಡೆ ಕಟ್ಟಿದವರೇ ತಟ್ಟೆಯನ್ನು ಓವನಿನೊಳಗೆ ತಳ್ಳಿದೆವು. ಹತ್ತು ನಿಮಿಷದಲ್ಲಿ ಉಂಡೆಗಳೆಲ್ಲ ಕರಗಿ, ಹರಡಿ, ಒಂದಕ್ಕೊಂದು ಕೂಡಿ ಒಂದೇ ಹಾಳೆಯಾದವು.

ಮರುದಿನ ತಟ್ಟೆಯನ್ನು ಕಂಡ ಅಕ್ಕ, "ಇದೇನು ಟೀಚರಮ್ಮಾ, ದೋಸೆಯೇ?" ಎಂದಳು. ಕಾಗದವನ್ನು ತೆಗೆದು ಓದಿ ಹೇಳದೆ ಗತಿಯಿರಲಿಲ್ಲ. ಒಂದು ಸಾಲನ್ನು ಆಕೆ ಎರಡು ಸಲ ಓದಿಸಿದಳು. ಹಿಟ್ಟನ್ನು ಮುಟ್ಟುವ ಮೊದಲು ತಣ್ಣೀರಿನಲ್ಲಿ ಕೈಯಿಟ್ಟು ಬರಬೇಕೆಂದು ಆ ಅಜ್ಜಿ ಮಗಳನ್ನು ಗದರಿಸುತ್ತಾಳೆಂಬ ಸಾಲು ಅದು. "ಸರಿಯೇ, ಅವಳ ಕೈ ಚಿಕ್ಕಂದಿನಿಂದಲೂ ಬಿಸಿ" ಎಂದು ಅಕ್ಕ ಸೆರಗು ಸಿಕ್ಕಿಸಿಕೊಂಡಳು.

ಆ ಮೇಲೆ ನಾವು ಬರಿಯ ಸಹಾಯಕಿ. ಬೀಜದ ಸಿಪ್ಪೆ ಬಿರಿಯುವವರೆಗೆ ಹುರಿದು, ನೆಲಗಡಲೆಯನ್ನು ಉಜ್ಜುವಂತೆ ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ತೆಗೆದಳು. ಪೂರಾ ಆರಿದ ಬಳಿಕ ಸಕ್ಕರೆಯೊಡನೆ ನಿಲ್ಲಿಸಿ ನಿಲ್ಲಿಸಿ ಪುಡಿಮಾಡಿದಳು. ಸಕ್ಕರೆಯು ಎಣ್ಣೆಯನ್ನು ಹೀರಿಕೊಳ್ಳುವುದು. ರೆಫ್ರಿಜರೇಟರಿನಿಂದ ಆಗತಾನೆ ತೆಗೆದ ಬೆಣ್ಣೆಯನ್ನು ಮೈದಾದೊಡನೆ ಬೆರಳ ತುದಿಯಿಂದಲೇ ಬೆರೆಸಿದಳು. ಸುಮಾರು ೮ ಗ್ರಾಮಿನ ಉಂಡೆಗಳು, ಒಂದೂ ಹೆಚ್ಚುಕಡಮೆಯಿಲ್ಲ; ತಕ್ಕಡಿ ಹಿಡಿದು ನಿಂತಿದ್ದ ನಮಗೆ ನಾಚಿಕೆಯಾಯಿತು. ಅವನ್ನು ಎರಡು ಗಂಟೆ ತಂಪಿನಲ್ಲಿಟ್ಟು, ೧೬೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹದಿನೈದು ಹದಿನೆಂಟು ನಿಮಿಷ ಬೇಯಿಸಿದೆವು. ಈ ಸಾರಿ ತಳ ಮಾತ್ರ ಚಪ್ಪಟೆಯಾಗಿ ಬೆನ್ನು ಗುಂಡಗೆ ನಿಂತಿತು. ಬಿಸಿಯಿರುವಾಗ ಮುಟ್ಟಿದರೆ ಪುಡಿಯಾಗುವುದು. ಮೂರನ್ನು ನಾವು ಮುಟ್ಟಿ ನೋಡಿದೆವು. ಚಾಕಲೇಟನ್ನು ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಕರಗಿಸತಕ್ಕದ್ದು. ಅದರಲ್ಲಿ ಒಂದು ಹನಿ ನೀರು ಬಿದ್ದರೂ ತರಿತರಿಯಾಗಿ ಗಟ್ಟಿಕಟ್ಟುವುದು.

ಜೋಡಿಸಿ, ಚಾಕಲೇಟು ಬಿಗಿದ ಮೇಲೆ ಅಕ್ಕ ಒಂದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಸುಮ್ಮನಿದ್ದಳು. ತರುವಾಯ, "ಆ ಅಜ್ಜಿ ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೋ ಟೀಚರಮ್ಮಾ?" ಎಂದು ಕೇಳಿದಳು. ಅಜ್ಜಿಯನ್ನು ನೋಡಿಕೊಳ್ಳುವವಳು ನಿಮ್ಮ ಮಗಳಲ್ಲವೇ ಎಂದೆವು. "ಅದು ಗೊತ್ತು. ನಾನು ಕೇಳಿದ್ದು ಅದಲ್ಲ" ಎಂದಳು. ಹೌದು, ಊಟಕ್ಕೆ ತಡವಾದರೆ ಅಜ್ಜಿ ಕಾಯುತ್ತಾಳೆಂದು ಇನ್ನೊಂದು ಕಾಗದದಲ್ಲಿ ಬರೆದಿದ್ದಾಳೆಂದು ನಾವು ಹೇಳಿದೆವು. ಆರು ವರ್ಷದಲ್ಲಿ ಮೊದಲ ಬಾರಿಗೆ ಆ ಹುಡುಗಿಯ ಕಾಗದಗಳನ್ನೆಲ್ಲ ಅಂದು ಸಂಜೆ ಆಕೆಗೆ ಓದಿ ಹೇಳಿದೆವು.

ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೀಜ ಉಳಿದಿತ್ತು. ಮತ್ತೊಮ್ಮೆ ಮಾಡೋಣವೇ ಎಂದುದಕ್ಕೆ ಅಕ್ಕ ಮುಚ್ಚಳ ಬಿಗಿದು, "ಇದು ಅವಳು ಬಂದಾಗ" ಎಂದು ಕಪಾಟಿನ ಮೇಲಿಟ್ಟು ಹೋದಳು. ಎಣ್ಣೆಯಂಶ ಹೆಚ್ಚಿರುವ ಈ ಬೀಜ ನಮ್ಮ ಸೆಕೆಯಲ್ಲಿ ಬಹಳ ತಿಂಗಳು ನಿಲ್ಲದು, ಕಮಟು ಹಿಡಿಯುವುದು. ಇದನ್ನು ಆಕೆಗೆ ಹೇಳಲು ನಮಗೆ ಮನಸ್ಸಾಗಲಿಲ್ಲ. ಡಬ್ಬಿಯನ್ನು ಇಳಿಸಿ ರೆಫ್ರಿಜರೇಟರಿನಲ್ಲಿಟ್ಟು, ರಜೆ ಯಾವಾಗ ದೊರೆಯುವುದೆಂದು ಕೇಳಿ ಹುಡುಗಿಗೆ ಅಂದೇ ರಾತ್ರಿ ಬರೆದೆವು.