ಅಲ್ಲಾಡದ ದಾಸವಾಳ ಬೇಕಾಗಿದೆ

ಕೊಯಮತ್ತೂರು ಬಳಿಯ ಸೋಮನೂರಿನಲ್ಲಿ ಹೂವಿನ ಫೋಟೊ ತೆಗೆಯಬೇಕೆನ್ನುವವನು ಮೊದಲು ಪಾಲಕ್ಕಾಡಿನ ಕಡೆ ತಿರುಗಿ ಕೈಮುಗಿಯಬೇಕು. ಪಶ್ಚಿಮಘಟ್ಟದ ಸಾಲಿನಲ್ಲಿ ಅಲ್ಲೊಂದು ಕಡೆ ಸುಮಾರು 30 ಕಿಲೊಮೀಟರ್ ಅಗಲದ ಬಾಗಿಲನ್ನು ಯಾರೋ ಹಾಕದೆ ಹೋಗಿದ್ದಾರೆ. ಮುಂಗಾರು ಶುರುವಾದರೆ ಮಳೆಯನ್ನೆಲ್ಲ ಕೇರಳ ಇಟ್ಟುಕೊಂಡು ಗಾಳಿಯನ್ನು ಮಾತ್ರ ನಮ್ಮ ಕಡೆ ಸಾಗಹಾಕುತ್ತದೆ. ಪಲ್ಲಡಂ, ಉಡುಮಲೈ ಬಯಲಿನಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದು ಇದಕ್ಕೇ. ಆಡಿ ತಿಂಗಳ ಗಾಳಿಗೆ ಅಮ್ಮಿಕಲ್ಲೂ ಹಾರುತ್ತದೆ ಎಂದು ಇಲ್ಲಿನ ತಮಿಳು ಗಾದೆ. ಅಮ್ಮಿಕಲ್ಲಿನ ಪಾಡೇ ಹಾಗಾದರೆ ಮಾಳಿಗೆ ಮೇಲಿನ ಕುಂಡದ ತುಳಸಿ ಕದಿರನ್ನು ಕೇಳುವವರು ಯಾರು?

ನನ್ನ ಮೊದಲ ಮ್ಯಾಕ್ರೊ ಲೆನ್ಸು ಕ್ಯಾಮೆರಾ ಅಂಗಡಿಯದ್ದಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಬಟ್ಟೆ ಪರೀಕ್ಷಿಸುವುದು ನನ್ನ ಕೆಲಸ. ಜೇಬಿನಲ್ಲಿ ಸದಾ ಒಂದು ಪಿಕ್ ಗ್ಲಾಸು. ಮಡಿಚಿಡುವ ಪುಟ್ಟ ಭೂತಗನ್ನಡಿ ಅದು. ತಳದ ಚೌಕ ಕಿಂಡಿಯೊಳಗೆ ಕಾಣುವ ಎಳೆಗಳನ್ನು ಎಣಿಸಬೇಕು. ಒಂದು ಭಾನುವಾರ ಅದನ್ನು ದಾಸವಾಳದ ಕೇಸರದ ಮೇಲಿಟ್ಟು, ಮೊಬೈಲನ್ನು ಅದಕ್ಕೆ ಒತ್ತಿ ಹಿಡಿದೆ. ತುದಿಯಲ್ಲಿ ಐದು ಕೆಂಪು ಗುಂಡುಗಳು, ಒಂದೊಂದರ ಮೈಮೇಲೂ ನವಿರು ರೋಮ. ಅದರ ಕೆಳಗೆ ಹಳದಿ ಪರಾಗ, ಬಿಡಿಬಿಡಿಯಾಗಿ ಎಣಿಸಬಹುದಾದಷ್ಟು ದಪ್ಪ ಕಾಳು. ಎಣಿಸಿದೆ ಕೂಡ. ಅಭ್ಯಾಸಬಲ.

ಅದೇ ಗಿಡದ ಎಲೆಗಳ ಅಡಿಯಲ್ಲಿ ಆ ಕಾಲಕ್ಕೆ ಬೆಳ್ಳಗೆ ಏನೋ ಅಂಟಿಕೊಳ್ಳುತ್ತಿತ್ತು. ಪಕ್ಕದ ಮನೆಯ ಪವರ್‌ಲೂಮಿನ ಹತ್ತಿ ಧೂಳೆಂದು ಅಮ್ಮ ಅವರೊಂದಿಗೆ ಜಗಳ ಕಾದಳು. ಪಿಕ್ ಗ್ಲಾಸಿಟ್ಟು ನೋಡಿದರೆ ಧೂಳಿಗೆ ಕಾಲಿದ್ದವು. ಪಪ್ಪಾಯಿ ಹಿಟ್ಟುತಿಗಣೆ! ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 2008ರಲ್ಲಿ, ನಮ್ಮ ಕೊಯಮತ್ತೂರಿನಲ್ಲೇ. ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನೆಲ್ಲ ಹಾಳುಗೆಡವಿದ ಮೇಲೆ 2010ರಲ್ಲಿ ಪೋರ್ಟೊರಿಕೊದಿಂದ ಒಂದು ಜಾತಿಯ ಸಣ್ಣ ಕಣಜವನ್ನು ಬೆಂಗಳೂರಿಗೆ ತರಿಸಿ, ಅಲ್ಲಿಂದ ಇಲ್ಲಿಗೆ ತಂದು ಬಿಟ್ಟರು. ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಅದರ ಕಥೆ ಮುಗಿಸುವ ಕಣಜ. ಕರ್ನಾಟಕದ ಕಡೆಯಿಂದ ಬಂದು ಈ ನಾಡಿನಲ್ಲಿ ನೆಲೆನಿಂತವರು ದೇವಾಂಗರಾದ ನಾವಷ್ಟೇ ಅಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ನಮ್ಮದು ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ಕಣಜಕ್ಕೆ ಆ ತಾಪತ್ರಯವಿಲ್ಲ.

ಆಮೇಲೆ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಬಂತು, ಹಳೇ 50 ಎಂಎಂ ಲೆನ್ಸನ್ನು ಹಿಂದುಮುಂದಾಗಿ ಸಿಕ್ಕಿಸುವ ಉಂಗುರವೂ ಬಂತು. ಹಾಗೆ ಸಿಕ್ಕಿಸಿದರೆ ಸಾಸಿವೆಯಷ್ಟಿದ್ದದ್ದೂ ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರೂ ಇರುವುದಿಲ್ಲ. ಉಸಿರು ಬಿಟ್ಟರೆ ಹೂ ಮಸುಕು. ಉಸಿರು ಬಿಗಿಹಿಡಿದರೆ ಗಾಳಿ. ಗಾಳಿ ತಡೆಯಲು ರಟ್ಟು ಕಟ್ಟಿದರೆ ಪಕ್ಕದ ಪವರ್‌ಲೂಮು: ನಮ್ಮಿಬ್ಬರಿಗೂ ಗೋಡೆ ಒಂದೇ, ಅದು ಕುಟ್ಟಿದಾಗೆಲ್ಲ ನನ್ನ ಟ್ರೈಪಾಡಿಗೆ ಚಳಿಜ್ವರ.

2012ರ ಸುಮಾರಿಗೆ ತಮಿಳುನಾಡಿನಲ್ಲಿ ದಿನಕ್ಕೆ ಹತ್ತು ಗಂಟೆಗೂ ಮೀರಿ ಕರೆಂಟು ಹೋಗುತ್ತಿತ್ತು. ಗಾಳಿಯಂತ್ರ ತಿರುಗದ ತಿಂಗಳುಗಳಲ್ಲಿ ಇನ್ನೂ ಜಾಸ್ತಿ. ಊರಿಗೆ ಊರೇ ಮಗ್ಗ ನಿಲ್ಲಿಸಿ ಶಪಿಸುತ್ತಿತ್ತು. ನಾನೂ ಬೀದಿಯಲ್ಲಿ ನಿಂತು ಎಲ್ಲರ ಜೊತೆ ಶಪಿಸಿ, ಮನೆಯೊಳಗೆ ಬಂದು ಮಾಳಿಗೆಗೆ ಓಡುತ್ತಿದ್ದೆ. ಗಾಳಿ ಇಲ್ಲ, ಮಗ್ಗ ಇಲ್ಲ, ಹೂ ಗಟ್ಟಿಯಾಗಿ ನಿಂತಿದೆ. ಅಷ್ಟರಲ್ಲಿ ಅಮ್ಮ ಬರುತ್ತಿದ್ದಳು.

ಅಮ್ಮನ ಲೆಕ್ಕದಲ್ಲಿ ಅರಳಿದ ದಾಸವಾಳವೆಲ್ಲ ಚೌಡೇಶ್ವರಿಯ ಪಾಲು. ಬೆಳಗಾದರೆ ಬಿಡಿಸಲೇಬೇಕು.

“ಅಮ್ಮ, ಒಂದೇ ಒಂದು ಬಿಡಮ್ಮ.”

“ಪಟಕ್ಕೆ ಇಟ್ಟ ಮೇಲೆ ತಕ್ಕೊ. ದೇವರ ಮುಂದೆ ಗಾಳೀನೂ ಇಲ್ಲ, ಏನೂ ಇಲ್ಲ.”

ಫೋಟೊಗ್ರಫಿ ತಿಳಿದವರಾರೂ ಇದಕ್ಕೆ ಎದುರಾಡಲಾರರು. ಆದರೂ ನಾನು ಎದುರಾಡುತ್ತಿದ್ದೆ. ಗಿಡದಲ್ಲಿರುವ ಹೂವೇ ಬೇರೆ, ಪಟದ ಮೇಲಿನದ್ದೇ ಬೇರೆ ಎಂದು. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಕೇಸರ ಕೂದಲೆಳೆಯಷ್ಟು ಸ್ಪಷ್ಟ, ಅಂಚಿನಲ್ಲಿ ಮಾತ್ರ ಮಸುಕು ಮಸುಕಾಗಿ ಹಸಿರು ಬಳೆ. ಕ್ಯಾಮೆರಾ ಕ್ಲಿಕ್ಕೆನ್ನುವುದಕ್ಕೂ ಹೂ ಚಟ್ಟನೆ ಮುರಿಯುವುದಕ್ಕೂ ಸರಿಹೋಗುತ್ತಿತ್ತು.

ಈಗ ಹೂವೆಲ್ಲ ನನ್ನವೇ. ಬೆಳಗ್ಗೆ ಅರಳಿದ್ದು ಸಂಜೆಗೆ ಸುರುಟಿ ಮುದುಡುವತನಕ ಗಿಡದಲ್ಲೇ ಇರುತ್ತದೆ, ಬಿಡಿಸುವವರಿಲ್ಲ. ಪಕ್ಕದವರು ಮಗ್ಗಗಳನ್ನು ಗುಜರಿಗೆ ಹಾಕಿದರು; ಗೋಡೆ ಸುಮ್ಮನಾಗಿದೆ. ಇಷ್ಟೆಲ್ಲ ಅನುಕೂಲವಿದ್ದೂ ತೆಗೆದ ಚಿತ್ರಗಳು ಕ್ಯಾಲೆಂಡರಿನವು ಇದ್ದ ಹಾಗಿವೆ. ಗಾಳಿಯೊಂದು ಮಾತ್ರ ಹಳೇ ಗೆಳೆಯನಂತೆ ತಪ್ಪದೆ ಬರುತ್ತದೆ.

ಈ ಸಲದ ಆಡಿಯಲ್ಲಿ ಸಾಕಾಗಿ ನಾನೇ ಒಂದು ದಾಸವಾಳ ಬಿಡಿಸಿ ದೇವರಮನೆಗೆ ತಂದೆ. ಚೌಡೇಶ್ವರಿಯ ಪಟದ ಕೆಳಗೆ ಅದನ್ನು ನಿಲ್ಲಿಸಿ, ನೆಲಕ್ಕೆ ಮಂಡಿಯೂರಿ ಉಸಿರು ಬಿಗಿಹಿಡಿದಿದ್ದಾಗ ಬಾಗಿಲಲ್ಲಿ ಹೆಂಡತಿ.

“ಹೆಂಗೂ ಕೂತಿದ್ದೀರಲ್ಲ, ಹಂಗೇ ದೀಪಾನೂ ಹಚ್ಚಿಬಿಡಿ.”

ಎಣ್ಣೆ ಎಲ್ಲಿದೆ ಎಂದು ಕೇಳಿದೆ.