ಬ್ಯಾಟರಿ ಸತ್ತಿತೆಂದು ಹೇಳುವ ಮುನ್ನ

ನಮ್ಮ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಹಗಲು ರಾತ್ರಿಗಳ ಭೇದ ಉಳಿಯುವುದಿಲ್ಲ. ಯಮಕನಮರಡಿಯ ಸುತ್ತಲಿನ ಹೊಲಗಳಿಂದ ಹೊರಟ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ಸಕ್ಕರೆ ಕಾರ್ಖಾನೆಗಳ ಕಡೆಗೆ ಸಾಗುತ್ತವೆ. ಅನೇಕರಿಗೆ ಪುಣೆ–ಬೆಂಗಳೂರು ಹೆದ್ದಾರಿಯನ್ನು ಹಾಯದೆ ಗತ್ಯಂತರವಿಲ್ಲ. ಆ ರಸ್ತೆಯಲ್ಲಿ ಹಿಂದಿನ ಕೆಂಪು ದೀಪ ಆರಿಹೋದ ಕಬ್ಬಿನ ಗಾಡಿಯೆಂದರೆ ಕತ್ತಲೆಯಲ್ಲಿ ನಿಂತ ಕರಿಯ ಗೋಡೆಯೇ ಸರಿ. ಆದುದರಿಂದ ಟ್ರ್ಯಾಕ್ಟರಿನ ಬ್ಯಾಟರಿಯ ವಿಚಾರ ಗ್ಯಾರೇಜಿನವರಿಗೆ ಮಾತ್ರ ಸೇರಿದ್ದೆಂದು ಓದುಗ ಬಂಧುಗಳು ಭಾವಿಸಬಾರದು. ಅದು ಮನೆಮಕ್ಕಳ ಪ್ರಾಣಕ್ಕೆ ಸಂಬಂಧಿಸಿದ ವಿಚಾರ.

ಶಾಸ್ತ್ರ ಓದಿದವರಿಗೆ ಈ ಯಂತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ಮಠದ ಪಾಠಶಾಲೆಯಲ್ಲಿ ನಾವು ತರ್ಕ, ವ್ಯಾಕರಣಗಳನ್ನು ಕಲಿತವರು. ಬಳಿಕ ಮಠದ ಹೊಲಮನೆಗಳ ಮೇಲ್ವಿಚಾರಣೆ ನಮ್ಮ ಪಾಲಿಗೆ ಬಂದುದರಿಂದ ಹಳೆಯ ಟ್ರ್ಯಾಕ್ಟರೊಂದರ ಸಹವಾಸವೂ ಬಂದಿತು. ವೃದ್ಧ ಮಿಸ್ತ್ರಿಯೊಬ್ಬರು ನಮ್ಮ ಕೈಗೆ ಮೀಟರು ಕೊಟ್ಟು ಅಳೆಯುವುದನ್ನು ಕಲಿಸಿದರು. ಅಂದಿನಿಂದ ತರ್ಕಶಾಸ್ತ್ರವೂ ಮೀಟರೂ ಒಂದೇ ಪಾಠವನ್ನು ಹೇಳುತ್ತವೆಂಬುದು ನಮಗೆ ಮನದಟ್ಟಾಗಿದೆ.

ನಮ್ಮ ತಾಲೂಕಿನಲ್ಲಿ 1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಗಿ ಹಳ್ಳಿಹಳ್ಳಿಗೆ ಕರೆಂಟು ತಂದಿತು. ಮನೆಗೆ ಬೇಕಾದ ವಿದ್ಯುತ್ತು ಹೀಗೆ ಹೊರಗಿನಿಂದ ಬರುತ್ತದೆ. ಟ್ರ್ಯಾಕ್ಟರಿಗಾದರೋ ಆ ಅನುಕೂಲವಿಲ್ಲ. ತನಗೆ ಬೇಕಾದುದನ್ನು ತಾನೇ ದುಡಿದುಕೊಳ್ಳಬೇಕು. ದುಡಿಯುವುದು ಆಲ್ಟರ್ನೇಟರ್, ಬಹಳ ಹಳೆಯ ಯಂತ್ರಗಳಲ್ಲಿ ಡೈನಮೊ. ಬ್ಯಾಟರಿಯೆಂಬುದು ಹಗೇವಿನಂತೆ ಕೇವಲ ಸಂಗ್ರಹದ ಸ್ಥಳ. ರಾಶಿಯ ಕಾಲದಲ್ಲಿ ತುಂಬದೆ ದಿನವೂ ಜೋಳ ತೆಗೆಯುತ್ತಲೇ ಇದ್ದರೆ ಹಗೇವು ಬರಿದಾಗುವುದು ಸಹಜ. ಅದಕ್ಕೆ ಹೊಸ ಹಗೇವು ತೋಡಿಸುವುದು ಪರಿಹಾರವೇ?

ಕಳೆದ ಹಂಗಾಮಿನಲ್ಲಿ ನಮ್ಮ ಪರಿಚಯದ ಭಕ್ತರೊಬ್ಬರು ಮಾಡಿದ್ದು ಅದನ್ನೇ. ಇಪ್ಪತ್ತು ವರ್ಷಕ್ಕೂ ಹಳೆಯದಾದ ಅವರ ಟ್ರ್ಯಾಕ್ಟರಿಗೆ ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಬಂದಿದ್ದವು. “ಅಜ್ಜಾರ, ಹೊಸಾ ಬ್ಯಾಟರಿ ಹಾಕಿ ನಾಕ ತಿಂಗಳ ಆಗಿಲ್ಲರಿ, ಮತ್ತ ಸೆಲ್ಫ್ ಹೊಡಿಯವಲ್ದರಿ” ಎಂದು ಹಿರಿಯರು ಅಲವತ್ತುಕೊಂಡರು. ರಾತ್ರಿ ಗಾಡಿ ಹೊಡೆಯುವ ಅವರ ಮಗ, ದೀಪಗಳು ಒಮ್ಮೆ ಪ್ರಖರವಾಗಿಯೂ ಒಮ್ಮೆ ಮಂಕಾಗಿಯೂ ಇರುತ್ತವೆಂದ. ಬ್ಯಾಟರಿಯ ಚಿತ್ರವಿರುವ ಕೆಂಪು ಸೂಚಕ ದೀಪ ಹತ್ತುತ್ತದೆಯೇ ಎಂದು ಕೇಳಿದೆವು. “ಇಲ್ಲರಿ ಅಜ್ಜಾರ. ಅದು ಹತ್ತೂದಿಲ್ಲ ಅಂದ್ರ ಚಾರ್ಜಿಂಗ್ ಬರೋಬ್ಬರಿ ಐತಿ ಅಂತ ಅಲ್ಲೇನ್ರಿ?” ಎಂದ.

ಇಲ್ಲಿಯೇ ತರ್ಕದ ಪಾಠ ನೆರವಿಗೆ ಬರುವುದು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸಬಹುದು. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆ ಇದ್ದೇ ಇರಬೇಕೆಂಬ ನಿಯಮವಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯಾಗಲು ಹಸಿ ಸೌದೆಯ ಸಂಬಂಧ ಬೇಕು. ಇದನ್ನು ತಾರ್ಕಿಕರು ಉಪಾಧಿಯೆನ್ನುತ್ತಾರೆ. ಅಂತೆಯೇ ಇಂಜಿನ್ ನಡೆಯುವಾಗ ಕೆಂಪು ದೀಪ ಹತ್ತಿದರೆ ಚಾರ್ಜಿಂಗ್ ಇಲ್ಲವೆಂದು ಊಹಿಸಬಹುದು. ದೀಪ ಹತ್ತದಿದ್ದ ಮಾತ್ರಕ್ಕೆ ಎಲ್ಲವೂ ಸರಿಯೆನ್ನುವಂತಿಲ್ಲ. ಬಲ್ಬು ಜೀವಂತವಾಗಿರುವುದು ಇಲ್ಲಿನ ಉಪಾಧಿ.

ಬ್ಯಾಟರಿಯನ್ನು ಹೊರಗೆ ಚಾರ್ಜು ಮಾಡಿಸಿ ತಂದು ಕೆಲವು ಗಂಟೆ ಸುಮ್ಮನಿಟ್ಟು ಅಳೆದೆವು, 12.6 ವೋಲ್ಟ್ ತೋರಿತು. ತುಂಬಿದ ಬ್ಯಾಟರಿಯ ಲಕ್ಷಣವದು. ಸುಮಾರು 12.2ಕ್ಕೆ ಇಳಿದರೆ ಅರ್ಧ ಖಾಲಿಯೆಂದೂ 12ಕ್ಕಿಂತ ಕೆಳಗಾದರೆ ಬಹುಮಟ್ಟಿಗೆ ಬರಿದೆಂದೂ ತಿಳಿಯತಕ್ಕದ್ದು. ಅನಂತರ ಇಂಜಿನ್ ಚಾಲೂ ಮಾಡಿ ಮಧ್ಯಮ ವೇಗದಲ್ಲಿಟ್ಟು ಮತ್ತೆ ಅಳೆದೆವು. ಆಗ 13.8ರಿಂದ 14.5ರೊಳಗೆ ಇರಬೇಕಿತ್ತು, ಅಲ್ಲಿ 12.3ರಿಂದ ಮೇಲೇರಲೇ ಇಲ್ಲ. ದುಡಿಮೆಯೇ ನಿಂತಿದೆಯೆಂಬುದು ಸ್ಪಷ್ಟವಾಯಿತು.

ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿದೆವು. ಸುಮಾರು ಅರ್ಧ ಅಂಗುಲದಷ್ಟು ಮಾತ್ರ ಬಾಗಿತು. ಅದು ಸರಿಯೇ. ಬ್ಯಾಟರಿಯ ತುದಿಗಳಲ್ಲಿ ಬಿಳಿಯ, ಹಸಿರು ಬಣ್ಣದ ಕಿಲುಬು ಇರಲಿಲ್ಲ. ಬಾಡಿಗೆ ಸೇರುವ ಅರ್ಥಿಂಗ್ ತಂತಿಯೂ ಬಿಗಿಯಾಗಿತ್ತು. ಕೊನೆಗೆ ಇಂಜಿನ್ ನಿಲ್ಲಿಸಿ ಕೀಲಿಯನ್ನು ಮಾತ್ರ ತಿರುಗಿಸಿದೆವು. ಆಗ ಕೆಂಪು ದೀಪ ಹತ್ತಲೇಬೇಕು. ಹತ್ತಲಿಲ್ಲ. ಬಲ್ಬನ್ನು ಬಿಚ್ಚಿದರೆ ಒಳಗಿನ ಎಳೆ ಕಡಿದಿತ್ತು.

ಆ ಬಗೆಯ ಆಲ್ಟರ್ನೇಟರುಗಳಲ್ಲಿ ಈ ಬಲ್ಬು ಸೂಚನೆಗಷ್ಟೇ ಇರುವುದಲ್ಲ. ಅದರ ಮೂಲಕ ಹರಿಯುವ ಅಲ್ಪ ವಿದ್ಯುತ್ತೇ ಆಲ್ಟರ್ನೇಟರಿನ ಒಳಗಿನ ಸುರುಳಿಗೆ ಮೊದಲ ಕಾಂತಶಕ್ತಿಯನ್ನು ಕೊಟ್ಟು ಅದನ್ನು ಎಚ್ಚರಿಸುತ್ತದೆ. ಬಲ್ಬು ಹೋದರೆ ಆಲ್ಟರ್ನೇಟರ್ ತಿರುಗುತ್ತದೆ, ಉತ್ಪಾದಿಸುವುದಿಲ್ಲ. ಇಂಜಿನನ್ನು ಜೋರಾಗಿ ಓಡಿಸಿದಾಗ ಕಬ್ಬಿಣದಲ್ಲಿ ಉಳಿದ ಕಾಂತತ್ವದಿಂದ ಒಮ್ಮೊಮ್ಮೆ ತಾನಾಗಿ ಎಚ್ಚರಗೊಳ್ಳುವುದೂ ಉಂಟು. ದೀಪಗಳು ಒಮ್ಮೆ ಪ್ರಖರ, ಒಮ್ಮೆ ಮಂಕು ಆಗುತ್ತಿದ್ದುದರ ಕಾರಣವಿದೇ. ಕೆಲವೇ ರೂಪಾಯಿಗಳ ಬಲ್ಬನ್ನು ಬದಲಿಸಿದೊಡನೆ ಮೀಟರು 14.1 ತೋರಿತು. ಪದೇ ಪದೇ ಬರಿದಾಗಿ ಬಿದ್ದ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಗಂಧಕದ ಲವಣ ಗಟ್ಟಿಯಾಗಿ ಕೂಡುತ್ತದೆ. ಆ ಮನೆಯ ಮೊದಲ ಬ್ಯಾಟರಿ ಕೆಟ್ಟದ್ದೂ ಹಾಗೆಯೇ.

ಎಲ್ಲ ಕಡೆಯೂ ದೋಷ ಬಲ್ಬಿನಲ್ಲಿಯೇ ಇರುವುದೆಂದು ನಾವು ಹೇಳುತ್ತಿಲ್ಲ. ಬೆಲ್ಟು ಸಡಿಲಾಗಿರಬಹುದು, ತುದಿಗಳು ಕಿಲುಬು ಹಿಡಿದಿರಬಹುದು, ಆಲ್ಟರ್ನೇಟರಿನೊಳಗಿನ ಬ್ರಷ್ಷು ಸವೆದಿರಬಹುದು. ಮೀಟರು 15 ವೋಲ್ಟನ್ನು ಮೀರಿದರೆ ರೆಗ್ಯುಲೇಟರ್ ಕೆಟ್ಟಿದೆಯೆಂದು ಅರ್ಥ; ಆಗ ಬ್ಯಾಟರಿಯ ನೀರು ಕುದಿದು ಬೇಗ ಬತ್ತುತ್ತದೆ. ಹಳೆಯ ಜೀಪಿಗೂ ದೋಣಿಯ ಇಂಜಿನ್ನಿಗೂ ಇದೇ ಕ್ರಮ ಅನ್ವಯಿಸುತ್ತದೆ. ದೋಣಿಯಲ್ಲಿ ತೇವದಿಂದ ಕಿಲುಬಿನ ಕಾಟ ಹೆಚ್ಚು.

ಇನ್ನು ಕೆಲವು ಎಚ್ಚರಿಕೆಗಳು. ಇಂಜಿನ್ ನಡೆಯುವಾಗ ಬ್ಯಾಟರಿಯ ತಂತಿ ಕಿತ್ತು ಪರೀಕ್ಷಿಸುವ ರೂಢಿ ಡೈನಮೊ ಕಾಲದ್ದು. ಹಾಗೆ ಮಾಡಿದರೆ ಆಲ್ಟರ್ನೇಟರಿನ ಡಯೋಡುಗಳು ಸುಟ್ಟುಹೋಗುವ ಸಂಭವವುಂಟು. ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲವು ಕಿಡಿ ತಾಗಿದರೆ ಸ್ಫೋಟಿಸುತ್ತದೆ. ಬೀಡಿ, ಬೆಂಕಿಕಡ್ಡಿ ದೂರವಿರಲಿ. ತಂತಿ ಬಿಚ್ಚುವಾಗ ಅರ್ಥಿಂಗಿನದನ್ನು ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನು ಕಡೆಗೆ ಜೋಡಿಸಬೇಕು.

ತರುಣರಿಗೆ ಒಂದು ಮಾತು. ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಸ್ಪೀಕರು ಕಟ್ಟಿ ಮೂರೂರಿಗೆ ಹಾಡು ಕೇಳಿಸುವ ಹುಮ್ಮಸ್ಸು ಇಂದು ಹೆಚ್ಚಾಗಿದೆ. 35 ಆಂಪಿಯರಿನ ಆಲ್ಟರ್ನೇಟರ್ ಪೂರ್ಣ ವೇಗದಲ್ಲಿ ತಿರುಗಿದರೂ ಕೊಡುವುದು 490 ವಾಟ್ ಮಾತ್ರ. ನಿಧಾನ ವೇಗದಲ್ಲಿ ಇನ್ನೂ ಕಡಿಮೆ. ಅದರಲ್ಲಿ ಮುಂದಿನ ಎರಡು ದೀಪಗಳಿಗೇ ನೂರಕ್ಕೂ ಹೆಚ್ಚು ವಾಟ್ ಬೇಕು. ಹಾಡು ಹೆಚ್ಚು ಉಂಡರೆ ದೀಪ ಉಪವಾಸ ಬೀಳುತ್ತದೆ.

ಗಾಡಿ ಮನೆಯಿಂದ ಹೊರಡುವ ಮುನ್ನ ಯಾರಾದರೂ ಒಬ್ಬರು, ತಾಯಿಯೋ ತಂಗಿಯೋ ಆದರೂ ಸರಿಯೆ, ಮೂರು ಸಂಗತಿ ನೋಡಲಿ. ಕೀಲಿ ತಿರುಗಿಸಿದಾಗ ಕೆಂಪು ಸೂಚಕ ದೀಪ ಹತ್ತಿತೇ? ಇಂಜಿನ್ ನಡೆದಾಗ ಆರಿತೇ? ಕೊನೆಯ ಟ್ರೇಲರಿನ ಹಿಂದೆ ದೀಪ ಬೆಳಗುತ್ತಿದೆಯೇ? ಇಷ್ಟಕ್ಕೆ ಎರಡು ನಿಮಿಷ ಸಾಕು. ಇವುಗಳಲ್ಲಿ ಒಂದು ತಪ್ಪಿದರೂ ಆ ರಾತ್ರಿ ಗಾಡಿ ಹೊರಡದಿರಲಿ. ಕಬ್ಬು ಒಂದು ದಿನ ತಡವಾದರೆ ತೂಕ ತುಸು ಕಡಿಮೆಯಾದೀತು, ಅಷ್ಟೇ.